ಸುಗ್ಗಿಯ ಹಬ್ಬವೂ ದಿನದಿನದ ಉಪಕಾರಗಳೂ

(ಮನೆಯವರೆಲ್ಲರೂ ಕೂಡಿ ಓದತಕ್ಕ ಪಾಠ)

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 16ನೆಯ ಅಧ್ಯಾಯ 9ರಿಂದ 15ನೆಯ ವಚನಗಳು, 26ನೆಯ ಅಧ್ಯಾಯ 1ರಿಂದ 11ನೆಯ ವಚನಗಳು, ಲೂಕ 17ನೆಯ ಅಧ್ಯಾಯ 11ರಿಂದ 19ನೆಯ ವಚನಗಳು.



ಪೈರು ಕೊಯ್ದು, ಕಣದ ಕೆಲಸ ತೀರಿ, ಧಾನ್ಯವು ಮನೆ ಸೇರಿದ ಮೇಲೆ ನಮ್ಮ ಸಭೆಗಳಲ್ಲಿ ಸುಗ್ಗಿಯ ಹಬ್ಬವನ್ನು ಆಚರಿಸುವ ವಾಡಿಕೆಯುಂಟು. ಆ ದಿವಸ ಒಬ್ಬನು ಭತ್ತದ ತೆನೆಗಳನ್ನೂ, ಒಬ್ಬನು ರಾಗಿಯನ್ನೂ, ಒಬ್ಬಳು ಕುಂಬಳಕಾಯಿಯನ್ನೂ, ಇನ್ನೊಬ್ಬಳು ಬುಟ್ಟಿಯಲ್ಲಿ ನಾಲ್ಕು ಕೋಳಿಮೊಟ್ಟೆಗಳನ್ನೂ ತಂದು ದೇವರ ಸನ್ನಿಧಿಯಲ್ಲಿ ಇಡುವರು. ಆರಾಧನೆ ತೀರಿದ ಮೇಲೆ ಅವುಗಳನ್ನು ಹರಾಜು ಹಾಕಿ, ಬಂದ ಹಣವನ್ನು ಸಭೆಯ ಕಾರ್ಯಕ್ಕೆ ಸೇರಿಸುವರು. ಇದು ಒಳ್ಳೇ ವಾಡಿಕೆಯೇ ಸರಿ. ಆದರೆ ಈ ಹಬ್ಬಕ್ಕೆ ಎರಡು ಅಪಾಯಗಳುಂಟು. ಬೆಳೆ ಚೆನ್ನಾಗಿ ಬಂದ ವರ್ಷ ಒಬ್ಬರ ಬುಟ್ಟಿಗೂ ಇನ್ನೊಬ್ಬರ ಬುಟ್ಟಿಗೂ ಪೋಟಿ ಹುಟ್ಟುವದು. ಸಾಲ ಮಾಡಿಯಾದರೂ ಹಬ್ಬದ ಊಟವನ್ನು ದೊಡ್ಡದು ಮಾಡಬೇಕೆಂದು ಮನಸ್ಸಾಗುವದು. ಬೆಳೆ ತಪ್ಪಿದ ವರ್ಷವಾದರೋ ಬರೀ ಕೈಯಲ್ಲಿ ಹೇಗೆ ಹೋಗಲಿ ಎಂದು ನಾಚಿ ಮನೆಯಲ್ಲೇ ಕುಳಿತುಬಿಡುವವರುಂಟು. ಈ ಎರಡು ತರದವರೂ ಹಬ್ಬದ ಅರ್ಥವನ್ನು ಬುಟ್ಟಿಯ ತೂಕದಲ್ಲಿ ಹುಡುಕುತ್ತಾರೆ. ಅದರ ಅರ್ಥ ಬೇರೆಲ್ಲಿ ಉಂಟೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಹಬ್ಬವು ಜ್ಞಾಪಕ ಮಾಡಿಕೊಳ್ಳುವದಕ್ಕಾಗಿ ಉಂಟು

ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲದ ಕ್ರಮವು ವಿವರವಾಗಿದೆ. ಇಸ್ರಾಯೇಲ್ಯನು ಭೂಮಿಯ ಮೊದಲನೆಯ ಫಲವನ್ನು ಪುಟ್ಟಿಯಲ್ಲಿಟ್ಟು ಯಾಜಕನ ಬಳಿಗೆ ತರಬೇಕು. ಪುಟ್ಟಿಯನ್ನು ಕೊಟ್ಟು ಸುಮ್ಮನೆ ಹಿಂತಿರುಗುವ ಹಾಗಿಲ್ಲ. ಅವನು ಬಾಯಿ ತೆರೆದು ಒಂದು ವೃತ್ತಾಂತವನ್ನು ಹೇಳಬೇಕು. ಆ ವೃತ್ತಾಂತವು ತನ್ನ ಹೊಲದ ಹಿರಿಮೆಯಲ್ಲ. ತನ್ನ ಮೂಲಪಿತೃವು ನೆಲೆಯಿಲ್ಲದೆ ಅಲೆಯುವವನಾಗಿದ್ದನೆಂದೂ, ಕೆಲವೇ ಜನರೊಂದಿಗೆ ಐಗುಪ್ತಕ್ಕೆ ಹೋದನೆಂದೂ, ಅಲ್ಲಿ ತಮ್ಮವರು ಬಿಟ್ಟೀಕೆಲಸದಲ್ಲಿ ನರಳಿದರೆಂದೂ, ದೇವರು ಅವರ ಕೂಗನ್ನು ಕೇಳಿ ಬಿಡಿಸಿದನೆಂದೂ ಅವನು ಹೇಳತಕ್ಕದ್ದು. ಪುಟ್ಟಿ ತುಂಬಿರುವ ದಿವಸದಲ್ಲಿಯೇ ಪುಟ್ಟಿ ಇಲ್ಲದಿದ್ದ ದಿವಸವನ್ನು ನೆನಸುವದು. ಇದೇ ಆ ಕ್ರಮದ ಸಾರ.

ಪರ್ಣಶಾಲೆಗಳ ಹಬ್ಬವೂ ಹಾಗೆಯೇ. ಯಾಜಕಕಾಂಡದ 23ನೆಯ ಅಧ್ಯಾಯದ ಪ್ರಕಾರ ಬೆಳೆಯನ್ನು ಕೂಡಿಸಿದ ಮೇಲೆ ಜನರು 7 ದಿವಸ ಕೊಂಬೆಗಳ ಗುಡಿಸಲುಗಳಲ್ಲಿ ವಾಸಿಸಬೇಕಾಗಿತ್ತು. ಮನೆಯಿದ್ದರೂ ಗುಡಿಸಲಲ್ಲಿ ಮಲಗುವದು ಯಾತಕ್ಕೆ? ಪಿತೃಗಳು ಅರಣ್ಯದಲ್ಲಿ ಹೇಗೆ ಬದುಕಿದರೆಂಬದನ್ನು ಮಕ್ಕಳು ಕಣ್ಣಾರೆ ನೋಡಿ ತಿಳಿಯುವದಕ್ಕಾಗಿಯೇ. ಮಕ್ಕಳಿಗೆ ಉಪದೇಶಕ್ಕಿಂತ ಗುಡಿಸಲು ಬೇಗನೆ ಅರ್ಥವಾಗುವದು.

ನಮ್ಮ ದೇಶದಲ್ಲಿಯೂ ಇಂಥ ವೃತ್ತಾಂತಗಳಿಗೆ ಕೊರತೆಯಿಲ್ಲ. 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಬಂದ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು 10 ಲಕ್ಷ ಜನರು, ಅಂದರೆ ಅಲ್ಲಿನ ಜನಸಂಖ್ಯೆಯ ಐದರಲ್ಲಿ ಒಂದು ಪಾಲಿನಷ್ಟು ಮಂದಿ, ಸತ್ತುಹೋದರು. ಆ ಬರದಿಂದ ಉಳಿದವರ ಮಕ್ಕಳ ಮಕ್ಕಳು ಇಂದು ಹೊಸ ಅನ್ನ ಉಣ್ಣುತ್ತಾರೆ. ಹಬ್ಬದ ದಿವಸ ಅಜ್ಜನಾಗಲಿ ಅಜ್ಜಿಯಾಗಲಿ ತಾವು ಕಂಡ ಕಷ್ಟದ ದಿನಗಳನ್ನೂ, ತಮ್ಮ ಹಿರಿಯರಿಂದ ಕೇಳಿದ್ದನ್ನೂ ಮಕ್ಕಳಿಗೆ ಹೇಳಲಿ. ಹಸಿವಿನ ಕಥೆಯನ್ನು ಕೇಳಿದ ಮಗುವು ತಟ್ಟೆಯಲ್ಲಿ ಅನ್ನವನ್ನು ಬಿಟ್ಟು ಏಳಲಾರದು.

2. ಹಬ್ಬದ ಪಂಕ್ತಿಯಲ್ಲಿ ಯಾರು ಯಾರು ಇರಬೇಕು

ಧರ್ಮೋಪದೇಶಕಾಂಡದ 16ನೆಯ ಅಧ್ಯಾಯದಲ್ಲಿ ವಾರಗಳ ಹಬ್ಬಕ್ಕೂ ಪರ್ಣಶಾಲೆಗಳ ಹಬ್ಬಕ್ಕೂ ಯಾರು ಯಾರು ಕೂಡಿ ಸಂತೋಷಪಡಬೇಕೆಂಬ ಪಟ್ಟಿಯುಂಟು: ಮಗನು, ಮಗಳು, ದಾಸನು, ದಾಸಿ, ಲೇವಿಯು, ಪರದೇಶಿ, ತಂದೆಯಿಲ್ಲದವನು, ವಿಧವೆ. ಈ ಪಟ್ಟಿಯನ್ನು ಒಂದು ಸಾರಿ ನಿಧಾನವಾಗಿ ಓದಿರಿ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ಹೊಲವಿಲ್ಲದವರು. ಬೆಳೆ ಅವರದಲ್ಲ, ಆದರೂ ಹಬ್ಬವು ಅವರದೇ.

ನಮ್ಮ ನಾಡಿನ ಹಳೇ ಪದ್ಧತಿಗಳಲ್ಲಿಯೂ ಹೊಸ ಧಾನ್ಯವನ್ನು ಒಂಟಿಯಾಗಿ ಉಣ್ಣುವದಿಲ್ಲ. ಕೊಡಗಿನಲ್ಲಿ ಪುತ್ತರಿಯ ರಾತ್ರಿ ಮನೆತನದವರೆಲ್ಲರೂ ಕೂಡಿ ಗದ್ದೆಗೆ ಹೋಗಿ ಕದಿರನ್ನು ಕೊಯ್ದು ತರುವರು. ತುಳುನಾಡಿನಲ್ಲಿ ಹೊಸ ಅಕ್ಕಿಯ ಊಟಕ್ಕೆ ದೂರದಲ್ಲಿರುವ ಮಕ್ಕಳು ಮನೆಗೆ ಬರುವರು. ಮಂಗಳೂರು ಸೀಮೆಯ ಕೊಂಕಣಿ ಮಾತಾಡುವ ರೋಮನ್ ಕಥೋಲಿಕ ಕ್ರೈಸ್ತರು ಸೆಪ್ಟೆಂಬರ್ 8ರಲ್ಲಿ ಆಚರಿಸುವ ಮೊಂತಿ ಹಬ್ಬದಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಪುಡಿಮಾಡಿ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರಸಿ, ಮನೆಮಂದಿಗೆಲ್ಲ ಹಂಚುವರು. ಪರಸ್ಥಳದಲ್ಲಿರುವವರಿಗೂ ಕೆಲವು ಕಾಳುಗಳನ್ನು ಕಳುಹಿಸುವರು. ಒಂದು ಕಾಳಾದರೂ ಎಲ್ಲರ ಬಾಯಿಗೆ ಬೀಳಬೇಕೆಂಬದೇ ಇವುಗಳಲ್ಲಿರುವ ಭಾವ.

ಇಲ್ಲಿ ನಾವು ಮನಸ್ಸಿಗೆ ತಂದುಕೊಳ್ಳತಕ್ಕ ಎರಡು ಮಾತುಗಳುಂಟು. ಮೊದಲನೆಯದು: ನಮ್ಮ ಗದ್ದೆಯಲ್ಲಿ ನಾಟಿ ನೆಟ್ಟವಳು, ಕಳೆ ಕಿತ್ತವಳು, ಹೊರೆ ಹೊತ್ತವನು, ಇವರು ಹಬ್ಬದ ದಿವಸ ಎಲ್ಲಿರುತ್ತಾರೆ? ಕೂಲಿಯನ್ನು ಬಾಕಿಯಿಟ್ಟು ದೇವರಿಗೆ ಕುಂಬಳಕಾಯಿ ಕೊಡುವದು ಉಪಕಾರಸ್ಮರಣೆಯಾಗದು. ಎರಡನೆಯದು: ಆ ಪಟ್ಟಿಯಲ್ಲಿ ಮಗಳೂ ದಾಸಿಯೂ ಹೆಸರಿಸಲ್ಪಟ್ಟಿದ್ದಾರೆ. ಆದರೆ ಎಷ್ಟೋ ಮನೆಗಳಲ್ಲಿ ಹಬ್ಬದ ದಿವಸ ತಾಯಿಯೂ ಸೊಸೆಯೂ ಒಲೆಯ ಹೊಗೆಯಲ್ಲಿಯೇ ಇದ್ದು, ಗಂಡಸರೆಲ್ಲ ಉಂಡೆದ್ದ ಮೇಲೆ ತಳ ಹಿಡಿದದ್ದನ್ನು ಕೆರೆದು ಉಣ್ಣುವರು. ಅವರ ಪಾಲಿಗೆ ಹಬ್ಬವು ಮತ್ತೊಂದು ದುಡಿಮೆಯ ದಿವಸವೇ. ಅಡಿಗೆಯಲ್ಲಿ ಒಂದು ಭಕ್ಷ್ಯ ಕಡಿಮೆಯಾದರೂ ಚಿಂತೆಯಿಲ್ಲ. ಅಡಿಗೆ ಮಾಡಿದವಳು ಪಂಕ್ತಿಯಲ್ಲಿ ಕುಳಿತುಕೊಳ್ಳಲಿ.

3. ಬೆಳೆ ತಪ್ಪಿದ ವರ್ಷ ಏನು ಮಾಡಬೇಕು

ಇದು ಕಠಿಣವಾದ ಪ್ರಶ್ನೆ. ಮಳೆ ಬಾರದೆ ಪೈರು ಒಣಗಿತು, ಎತ್ತು ಸತ್ತಿತು, ಮನೆಯಲ್ಲಿ ರೋಗವುಂಟು; ಇಂಥವನಿಗೆ ಸ್ತೋತ್ರ ಮಾಡು ಎಂದು ಹೇಳುವದು ಸುಲಭವೋ? ಹೊಟ್ಟೆ ತುಂಬಿದವನು ಹಸಿದವನಿಗೆ ಹೇಳುವ ಮಾತಾದರೆ ಅದಕ್ಕೆ ಬೆಲೆಯಿಲ್ಲ. ಆದಕಾರಣ ಕಷ್ಟವನ್ನು ಕಂಡವನೊಬ್ಬನ ವೃತ್ತಾಂತವನ್ನೇ ಕೇಳೋಣ.

ಜರ್ಮನ್ ದೇಶದ ಸ್ಯಾಕ್ಸನಿ ಸೀಮೆಯಲ್ಲಿ ಐಲೆನ್‌ಬುರ್ಗ್ ಎಂಬ ಊರುಂಟು. ಮಾರ್ಟಿನ್ ರಿಂಕಾರ್ಟ್ ಎಂಬವನು 1586ರಲ್ಲಿ ಅಲ್ಲಿ ಹುಟ್ಟಿ, 1617ರಲ್ಲಿ ಅದೇ ಊರಿನ ಸಭೆಗೆ ಬೋಧಕನಾಗಿ ಬಂದನು. ಮರುವರ್ಷವೇ, ಅಂದರೆ 1618ರಲ್ಲಿ, ಮೂವತ್ತು ವರ್ಷದ ಯುದ್ಧವು ಆರಂಭವಾಗಿ 1648ರ ವರೆಗೆ ನಡೆಯಿತು. ಊರಿಗೆ ಗೋಡೆಯಿದ್ದದರಿಂದ ಸುತ್ತಲಿನ ಹಳ್ಳಿಗಳ ಜನರು ಆಶ್ರಯಕ್ಕಾಗಿ ಬಂದು ಅಲ್ಲಿ ಕಿಕ್ಕಿರಿದರು. 1637ರಲ್ಲಿ ಮಹಾಮಾರಿಯು ಹೊಕ್ಕಿತು. ಮಿಕ್ಕ ಬೋಧಕರು ಸತ್ತೋ ಬಿಟ್ಟುಹೋಗಿಯೋ ಇದ್ದದರಿಂದ ರಿಂಕಾರ್ಟನೊಬ್ಬನೇ ಉಳಿದು, ಆ ವರ್ಷ 4,000ಕ್ಕಿಂತ ಹೆಚ್ಚು ಶವಗಳ ಸಂಸ್ಕಾರವನ್ನು ನಡಿಸಿದನು. ಸತ್ತವರಲ್ಲಿ ಅವನ ಹೆಂಡತಿಯೂ ಒಬ್ಬಳು. ಮಾರಿಯ ಹಿಂದೆಯೇ ಕ್ಷಾಮವೂ ಬಂದಿತು. ಅವನು ತನ್ನ ಮನೆಗೆ ಅತ್ಯವಶ್ಯವಾದದ್ದನ್ನು ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಹಸಿದವರಿಗೆ ಹಂಚಿದನು.

ಇವನೇ ಆ ಯುದ್ಧದ ವರ್ಷಗಳಲ್ಲಿ ದೇವರ ಉಪಕಾರವನ್ನು ಕೊಂಡಾಡುವ ಒಂದು ಕೀರ್ತನೆಯನ್ನು ರಚಿಸಿದನು. ಅದು ಇಂದು ಲೋಕದ ನಾನಾ ಭಾಷೆಗಳಲ್ಲಿ ಹಾಡಲ್ಪಡುತ್ತದೆ. ಆದರೆ ಅದು ಮೊದಲು ಹುಟ್ಟಿದ್ದು ಊಟದ ಮೇಜಿನ ಬಳಿ ಹೇಳುವ ಚಿಕ್ಕ ಪ್ರಾರ್ಥನೆಯಾಗಿ. ಇದನ್ನು ಗಮನಿಸಿರಿ: ಅವನ ಮನೆಯಲ್ಲಿ ರೊಟ್ಟಿ ಕಡಿಮೆಯಾಗಿತ್ತು, ಆದರೆ ಇದ್ದ ರೊಟ್ಟಿಗೆ ಸ್ತೋತ್ರ ತಪ್ಪಲಿಲ್ಲ.

ಅಮೇರಿಕ ದೇಶದಲ್ಲಿಯೂ ಇಂಥದೊಂದು ದೃಷ್ಟಾಂತವುಂಟು. ಅಲ್ಲಿನವರು ನವೆಂಬರ್ ತಿಂಗಳಲ್ಲಿ ಮನೆಮಂದಿಯೆಲ್ಲ ಕೂಡಿ ಆಚರಿಸುವ ಉಪಕಾರಸ್ಮರಣೆಯ ದಿವಸವನ್ನು ದೇಶಕ್ಕೆಲ್ಲ ಸಾರಿದ್ದು ಅಧ್ಯಕ್ಷ ಅಬ್ರಹಾಂ ಲಿಂಕನನು. ಅದೂ 1863ರಲ್ಲಿ, ಸ್ವದೇಶೀಯರೇ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಯುದ್ಧದ ನಡುವೆ.

ಸ್ತೋತ್ರ ಮಾಡುವದೆಂದರೆ ಕಷ್ಟವನ್ನು ಕಷ್ಟವಲ್ಲವೆಂದು ಸುಳ್ಳು ಹೇಳುವದಲ್ಲ. ಹಬಕ್ಕೂಕನು ತನ್ನ ಪುಸ್ತಕದ ಕೊನೆಯಲ್ಲಿ ಅಂಜೂರವು ಚಿಗುರಲಿಲ್ಲ, ಹೊಲದಲ್ಲಿ ಆಹಾರವಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂದು ನಷ್ಟಗಳನ್ನು ಒಂದೊಂದಾಗಿ ಎಣಿಸುತ್ತಾನೆ, ಯಾವದನ್ನೂ ಮುಚ್ಚಿಡುವದಿಲ್ಲ. ಎಲ್ಲವನ್ನು ಎಣಿಸಿದ ಮೇಲೆಯೇ ದೇವರಲ್ಲಿ ಹರ್ಷಿಸುವೆನೆನ್ನುತ್ತಾನೆ. ಹೀಗಿರಲಾಗಿ, ಬೆಳೆ ತಪ್ಪಿದ ಸಹೋದರನು ಬರೀ ಕೈಯಲ್ಲಿಯೇ ಬರಲಿ. ಅವನು ಬಂದಾಗ ಸಭೆಯವರು ಅವನ ಕೈಯನ್ನು ನೋಡದೆ ಮುಖವನ್ನು ನೋಡಲಿ. ಬೆಳೆದವರ ಬುಟ್ಟಿಯಿಂದ ಅವನ ಮನೆಗೆ ಒಂದು ಪಾಲು ಹೋಗಲಿ. ಹೊಲದ ಅಂಚನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂಬ ಆಜ್ಞೆಯು ಯಾಜಕಕಾಂಡದಲ್ಲಿ ಹಬ್ಬಗಳ ವಿಧಿಗಳ ನಡುವೆಯೇ ಇರುವದು ಸುಮ್ಮನೆ ಅಲ್ಲ.

4. ದಿನದಿನದ ಉಪಕಾರಗಳು

ಹಬ್ಬವು ವರ್ಷಕ್ಕೊಮ್ಮೆ, ಹಸಿವು ದಿನಕ್ಕೆರಡು ಸಾರಿ. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಮನ್ನವನ್ನು ಕೊಟ್ಟಾಗ ಅದನ್ನು ಆಯಾ ದಿವಸಕ್ಕೆ ಬೇಕಾದಷ್ಟೇ ಕೂಡಿಸಬೇಕಾಗಿತ್ತು. ಮರುದಿನಕ್ಕೆ ಇಟ್ಟದ್ದು ಹುಳಬಿದ್ದು ನಾರಿತು. ಯೇಸುಸ್ವಾಮಿಯೂ ಆಹಾರವನ್ನು ದಿನದ ಲೆಕ್ಕದಲ್ಲಿಯೇ ಬೇಡಲು ಕಲಿಸಿದನು. ಬೇಡಿಕೆಯು ದಿನದ್ದಾದರೆ ಸ್ತೋತ್ರವೂ ದಿನದ್ದೇ ಆಗಬೇಕಲ್ಲವೇ?

ಒಂದು ತುತ್ತು ಅನ್ನವನ್ನು ಕೈಯಲ್ಲಿ ಹಿಡಿದು ಯೋಚಿಸಿರಿ. ಭತ್ತವು ಬಿತ್ತಿದಂದಿನಿಂದ ಕೊಯ್ಲಿನ ವರೆಗೆ ನಾಲ್ಕೈದು ತಿಂಗಳು ಹೊಲದಲ್ಲಿರುವದು. ಅದಕ್ಕೆ ಮಳೆ ಬೇಕು, ಬಿಸಿಲು ಬೇಕು. ಹೋದ ವರ್ಷ ಹಸಿದರೂ ಬೀಜವನ್ನು ಉಣ್ಣದೆ ಕಾದಿಟ್ಟವಳು ಬೇಕು. ನೇಗಿಲು ಮಾಡಿದ ಬಡಗಿ, ಕುಳ ಬಡಿದ ಕಮ್ಮಾರ, ಬುಟ್ಟಿ ಮೊರ ಹೆಣೆದವರು, ಸೊಂಟ ಬಗ್ಗಿಸಿ ನೆಟ್ಟವರು, ತೂರಿದವರು, ಕುಟ್ಟಿದವರು, ಕಲ್ಲು ಆರಿಸಿ ಬೇಯಿಸಿದವಳು, ಇಷ್ಟು ಮಂದಿಯ ಕೈಗಳನ್ನು ದಾಟಿ ಆ ತುತ್ತು ನಮ್ಮ ಬಾಯಿಗೆ ಬರುವದು. ಬತ್ತದ ಬಾವಿ, ಒಂದು ಚಿಟಿಕೆ ಉಪ್ಪು, ಜ್ವರ ಬಿಟ್ಟು ಎದ್ದು ಕುಳಿತ ಮಗು, ಕರೆದಾಗ ಬಂದ ನೆರೆಯವನು, ರಾತ್ರಿಯ ನಿದ್ರೆ, ಇವುಗಳಲ್ಲಿ ಯಾವದು ನಮ್ಮ ಸಂಪಾದನೆ? ಇವು ಇರುವಾಗ ಕಣ್ಣಿಗೆ ಬೀಳುವದಿಲ್ಲ. ತಪ್ಪಿದಾಗ ಮಾತ್ರ ತಿಳಿಯುವದು.

ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರು, ಒಬ್ಬನು ಮಾತ್ರ ಹಿಂತಿರುಗಿ ಬಂದು ಸ್ತೋತ್ರ ಮಾಡಿದನು, ಅವನೂ ಸಮಾರ್ಯದವನು. ಮಿಕ್ಕ ಒಂಬತ್ತು ಮಂದಿ ದುಷ್ಟರೆಂದು ಸುವಾರ್ತೆಯಲ್ಲಿ ಬರೆದಿಲ್ಲ. ಅವರು ದಾರಿ ಹಿಡಿದು ಮುಂದಕ್ಕೆ ಹೋದರು, ಅಷ್ಟೇ. ಉಪಕಾರವನ್ನು ಮರೆಯುವದಕ್ಕೆ ಕೆಟ್ಟ ಮನಸ್ಸು ಬೇಡ. ಹಿಂತಿರುಗಿ ನೋಡದೆ ನಡೆದರೆ ಸಾಕು.

5. ಮನೆಯಲ್ಲಿ ಮಾಡತಕ್ಕವುಗಳು

ಮಿಜೋ ಸೀಮೆಯ ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರು 1910ರಲ್ಲಿ ಒಂದು ಪದ್ಧತಿಯನ್ನು ಆರಂಭಿಸಿದರು. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿಟ್ಟು ಸಭೆಗೆ ಕೊಡುವದೇ ಆ ಪದ್ಧತಿ. ಅವರ ಭಾಷೆಯಲ್ಲಿ ಇದಕ್ಕೆ ಬುಹ್‌ಫಾಯ್ ಥಾಮ್ ಎಂದು ಹೆಸರು. ಇಂದಿಗೂ ಅದು ನಡೆಯುತ್ತಿದೆ. ಕೈಯಲ್ಲಿ ಹಣವಿಲ್ಲದ ಹೆಂಗಸರು ಆರಂಭಿಸಿದ ಈ ಹಿಡಿ ಅಕ್ಕಿಯಿಂದ ಅಲ್ಲಿನ ಸಭೆಯ ಸೇವೆಗೆ ದೊಡ್ಡ ಆಧಾರವುಂಟಾಯಿತು. ಹಿಡಿ ಅಕ್ಕಿಯನ್ನು ತೆಗೆಯುವ ಪ್ರತಿ ಸಾರಿಯೂ ಪಾತ್ರೆಯಲ್ಲಿ ಇನ್ನೂ ಅಕ್ಕಿಯಿದೆ ಎಂಬ ನೆನಪಾಗುವದು.

ನಾವೂ ಈ ನಾಲ್ಕನ್ನು ಮಾಡಬಹುದು. ಹಬ್ಬದ ದಿವಸ ಊಟಕ್ಕೆ ಮುಂಚೆ ಮನೆಯ ಪ್ರತಿಯೊಬ್ಬರೂ, ಚಿಕ್ಕ ಮಗುವೂ ಸಹ, ಆ ವರ್ಷದ ಒಂದು ಉಪಕಾರವನ್ನು ಹೆಸರಿಟ್ಟು ಹೇಳಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಂತೆ ಹಬ್ಬಕ್ಕಾಗಿ ಸಾಲ ಮಾಡದಿರಲಿ. ಹಬ್ಬದ ಮರುದಿವಸ ಬಾಗಲಲ್ಲಿ ಸಾಲಗಾರನು ನಿಂತರೆ ಸ್ತೋತ್ರವು ನಾಲಿಗೆಯ ಮೇಲೆ ನಿಲ್ಲದು. ಹಬ್ಬಕ್ಕೆ ಮುಂಚೆ ಕೂಲಿಯ ಬಾಕಿಯನ್ನು ತೀರಿಸಿ, ಪಾಲಿನ ವಿಷಯದಲ್ಲಿ ಜಗಳವಾಡಿದ ಅಣ್ಣತಮ್ಮಂದಿರು ಮಾತಾಡಿಕೊಳ್ಳಲಿ. ಅಡಿಗೆಯ ಮನೆಯಲ್ಲಿ ಒಂದು ಹಿಡಿ ಅಕ್ಕಿಯ ಗಡಿಗೆಯಿರಲಿ. ತಿಂಗಳ ಕೊನೆಗೆ ಅದು ಊರಿನ ವಿಧವೆಯ ಮನೆಗೋ ಸಭೆಗೋ ಹೋಗಲಿ.

ಹೀಗೆ ಮಾಡಿದರೆ ಸುಗ್ಗಿಯ ಹಬ್ಬವು ಒಂದು ದಿವಸಕ್ಕೆ ತೀರದೆ ಪ್ರತಿದಿನದ ಊಟದಲ್ಲಿ ಸ್ವಲ್ಪ ಸ್ವಲ್ಪವಾಗಿ ಉಳಿಯುವದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಪ್ರಥಮಫಲವನ್ನು ತಂದ ಇಸ್ರಾಯೇಲ್ಯನು ಯಾವ ವೃತ್ತಾಂತವನ್ನು ಹೇಳಬೇಕಾಗಿತ್ತು? ನಮ್ಮ ಮನೆತನದ ಅಂಥ ವೃತ್ತಾಂತ ಯಾವದು?

2. ಧರ್ಮೋಪದೇಶಕಾಂಡ 16ನೆಯ ಅಧ್ಯಾಯದ ಪಟ್ಟಿಯಲ್ಲಿ ಹೇಳಿದವರಲ್ಲಿ ಯಾರು ನಮ್ಮ ಪಂಕ್ತಿಗೆ ಇನ್ನೂ ಬಂದಿಲ್ಲ?

3. ಈ ವರ್ಷ ನಮ್ಮ ಸಭೆಯಲ್ಲಿ ಬೆಳೆ ತಪ್ಪಿದವರು ಯಾರು? ಅವರಿಗೆ ನಾವು ಏನು ಮಾಡಿದ್ದೇವೆ?

4. ನಿನ್ನೆ ಸೂರ್ಯೋದಯದಿಂದ ಮಲಗುವ ವರೆಗೆ ನಮಗೆ ದೊರೆತ ಉಪಕಾರಗಳಲ್ಲಿ ಹತ್ತನ್ನು ಎಣಿಸಿರಿ.