ಕುರಿಗಳ ಸಿಡುಬು: ಅದು ಹರಡುವ ಬಗೆಯೂ ತಡೆಯುವ ಕ್ರಮವೂ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳು ಮಳೆ ಹೆಚ್ಚಾಗಿರುವ ಕರಾವಳಿಯ ಸೀಮೆಯಾದುದರಿಂದ ಇಲ್ಲಿ ಬಯಲುಸೀಮೆಯಂತೆ ದೊಡ್ಡ ಕುರಿಹಿಂಡುಗಳಿಲ್ಲ. ಆದರೂ ಘಟ್ಟದ ಮೇಲಿನಿಂದ ಕುರಿ ಆಡುಗಳನ್ನು ಕೊಂಡು ತರುವುದುಂಟು. ಹಾಗೆ ತಂದ ಒಂದೇ ಪ್ರಾಣಿಯ ಸಂಗಡ ಸಿಡುಬು ಊರನ್ನು ಹೊಕ್ಕರೆ, ನಾಲ್ಕಾರು ಮರಿಗಳನ್ನೇ ನಂಬಿದ ಬಡವನ ಕೊಟ್ಟಿಗೆಯು ಬರಿದಾಗಬಹುದು. ಆದುದರಿಂದ ಈ ಜಾಡ್ಯವು ಹರಡುವ ಬಗೆಯನ್ನು ಗ್ರಾಮದ ಮುಖ್ಯಸ್ಥರೂ ಭೂಮಾಲಿಕರೂ ಅರಿತಿರುವುದು ಅವಶ್ಯವು.

ಇದು ದೇವಿಯ ಮುನಿಸಲ್ಲ. ಕಣ್ಣಿಗೆ ಕಾಣದ ವೈರಾಣುವಿನಿಂದ ಬರುವ ಅಂಟುಜಾಡ್ಯ. ಆಡಿನ ಸಿಡುಬಿನ ವೈರಾಣುವೂ ದನಗಳ ಚರ್ಮಗಂಟು ರೋಗದ ವೈರಾಣುವೂ ಇದರ ದಾಯಾದಿಗಳು.

ಲಕ್ಷಣಗಳು. ಮೊದಲು ಜ್ವರ ಬಂದು ಕಣ್ಣು ಮೂಗುಗಳಿಂದ ನೀರು ಸುರಿಯುತ್ತದೆ. ಕುರಿಯು ಮೇವು ಬಿಡುತ್ತದೆ. ಕೆಲವು ದಿನಗಳೊಳಗೆ ಉಣ್ಣೆ ಕಡಿಮೆಯಿರುವ ಮುಖ, ತುಟಿ, ತೊಡೆಯ ಸಂದು, ಕೆಚ್ಚಲು, ಬಾಲದ ಅಡಿ ಈ ಸ್ಥಳಗಳಲ್ಲಿ ಕೆಂಪು ಕಲೆಗಳೆದ್ದು, ಗಟ್ಟಿ ಗುಳ್ಳೆಗಳಾಗಿ, ಕಡೆಗೆ ಹಕ್ಕಳೆ ಕಟ್ಟುತ್ತವೆ. ಶ್ವಾಸಕೋಶದಲ್ಲಿಯೂ ಗುಳ್ಳೆಗಳೇಳುವುದುಂಟು. ಎಳೆಯ ಮರಿಗಳಲ್ಲಿ ಸಾವು ಬಹಳ. ಗಬ್ಬದ ಕುರಿಗಳು ಕಂದು ಹಾಕಬಹುದು.

ಹರಡುವ ಬಗೆ. 1. ರೋಗದ ಕುರಿಯ ಉಸಿರು, ಸಿಂಬಳ, ಜೊಲ್ಲುಗಳಿಂದ. 2. ಉದುರಿದ ಹಕ್ಕಳೆಯಿಂದ, ಉಣ್ಣೆಯಲ್ಲಿಯೂ ಒಣ ಹಕ್ಕಳೆಯಲ್ಲಿಯೂ 3 ತಿಂಗಳು, ಬಿಸಿಲು ಬೀಳದ ದೊಡ್ಡಿಯಲ್ಲಿ 6 ತಿಂಗಳವರೆಗೂ ವೈರಾಣು ಉಳಿಯಬಲ್ಲದು. 3. ನೊಣಗಳಿಂದಲೂ, ಕಾಯುವವನ ಕೈ, ಬಟ್ಟೆ, ಒಮ್ಮೆ ಬಳಸಿದ ಸೂಜಿಗಳಿಂದಲೂ. ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಗಳು ಕತ್ತಲೆಯಾಗಿ, ಪ್ರಾಣಿಗಳು ಒತ್ತಾಗಿ ನಿಲ್ಲುವುದರಿಂದ ಅಪಾಯ ಹೆಚ್ಚು.

ಮುಖ್ಯವಾಗಿ ನೆನಪಿಡತಕ್ಕದ್ದೇನೆಂದರೆ, ಸೋಂಕು ತಗುಲಿದ ಕುರಿಯು ಸಾಮಾನ್ಯವಾಗಿ 8ರಿಂದ 13 ದಿನಗಳವರೆಗೆ ಆರೋಗ್ಯವಾಗಿಯೇ ತೋರುತ್ತದೆ. ಕೊಳ್ಳುವಾಗ ಮೈ ನೋಡಿದರೆ ಸಾಲದು. ಹೊಸದಾಗಿ ತಂದುದನ್ನು 21 ದಿನ ಬೇರೆ ಕಟ್ಟಿ, ಬೇರೆ ಪಾತ್ರೆಯಲ್ಲಿ ನೀರು ಕೊಟ್ಟು, ಮನೆಯ ಪ್ರಾಣಿಗಳ ಕೆಲಸ ಮುಗಿದ ಮೇಲೆಯೇ ಅದರ ಬಳಿಗೆ ಹೋಗಬೇಕು.

ರೋಗ ಕಂಡಲ್ಲಿ. ರೋಗಿಯನ್ನು ತತ್ಕ್ಷಣ ಬೇರ್ಪಡಿಸಿ; ಮಾರಬೇಡಿ, ಸಂತೆಗೆ ಒಯ್ಯಬೇಡಿ. ಹಾಸಿದ ಸೊಪ್ಪನ್ನು ಸುಡಿರಿ. ಆ ದೊಡ್ಡಿಯ ಗೊಬ್ಬರವನ್ನು ತೋಟಕ್ಕೆ ಸಾಗಿಸದೆ ಹೂಳಿರಿ. ಕೊಟ್ಟಿಗೆಯನ್ನು ಫಿನೈಲಿನ ನೀರಿನಿಂದ ತೊಳೆಯಿರಿ. ಸತ್ತ ಕುರಿಯನ್ನು ಹೊಳೆಗಾಗಲಿ ಸಮುದ್ರಕ್ಕಾಗಲಿ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಹುಣ್ಣಿಗೆ ಬೇರೆ ಸೋಂಕು ತಗುಲದಂತೆ ಪಶುವೈದ್ಯರು ಉಪಚರಿಸುವರು. ನಿಜವಾದ ರಕ್ಷಣೆಯು ರೋಗ ಬರುವ ಮುಂಚೆ, 3 ತಿಂಗಳು ತುಂಬಿದ ಪ್ರಾಣಿಗಳಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯೇ.

ಮುಖ್ಯಸ್ಥರ ಕರ್ತವ್ಯ. ಪ್ರಾಣಿಗಳ ಅಂಟುರೋಗಗಳ ತಡೆಯ ಕುರಿತ 2009ರ ಕೇಂದ್ರ ಅಧಿನಿಯಮದ ಪಟ್ಟಿಯಲ್ಲಿ ಈ ಜಾಡ್ಯವೂ ಸೇರಿದೆ. ಸಂಶಯ ಬಂದೊಡನೆ ಮಾಲಿಕನು ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು. ಅವರು ಸಮೀಪದ ಪಶುವೈದ್ಯರಿಗೆ ಬರಹದ ಮೂಲಕ ತಿಳಿಸತಕ್ಕದ್ದು. ನಷ್ಟಕ್ಕೆ ಹೆದರಿ ರೋಗವನ್ನು ಮುಚ್ಚಿಟ್ಟವನು ತನ್ನ ಒಂದು ಕುರಿಯನ್ನೂ ಉಳಿಸಿಕೊಳ್ಳಲಾರನು, ನೆರೆಯವನ ಹತ್ತು ಕುರಿಗಳನ್ನೂ ಕಳೆಯುವನು. ಈ ಮಾತನ್ನು ಊರವರಿಗೆ ತಿಳಿಯಹೇಳುವ ಭಾರವು ಮುಖ್ಯಸ್ಥರದು.