ಕೆಂಪು ಬಾಳೆಹಣ್ಣು, ಕೆಂಪು ರಕ್ತ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ ಸಿಗುತ್ತದೆ. ಕಮಲಾಪುರ ಎಂದರೆ ಕೆಂಪು ಬಾಳೆಹಣ್ಣು. ಈ ಹಣ್ಣಿನ ಹೆಸರು ದೂರದ ಊರುಗಳಿಗೂ ಗೊತ್ತು.

ಬಸುರಿ ಹೆಂಗಸಿಗೆ ಹೀಗೆ ಹೇಳುವವರಿದ್ದಾರೆ: "ಕೆಂಪನ್ನ ಹಣ್ಣು ತಿನ್ನವ್ವಾ, ಮೈಯಾಗ ರಕ್ತ ಆಗ್ತದ."

ಇದು ನಿಜವೇ? ಮೊದಲು ರಕ್ತ ಏಕೆ ಕೆಂಪು ಎಂದು ನೋಡೋಣ.

ನಮ್ಮ ಮೈಯಲ್ಲಿ 4ರಿಂದ 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು ಕಣಗಳು ಇವೆ. ಎಲುಬಿನ ಒಳಗಿನ ಮಜ್ಜೆಯಲ್ಲಿ ಈ ಕಣಗಳು ಹುಟ್ಟುತ್ತವೆ. ಸುಮಾರು 120 ದಿನ ಬದುಕುತ್ತವೆ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ.

ಈ ಕಣಗಳ ಕೆಲಸ ಹಮಾಲರ ಕೆಲಸ. ನಾವು ಉಸಿರು ಎಳೆದಾಗ ಪ್ರಾಣವಾಯು ಶ್ವಾಸಕೋಶಕ್ಕೆ ಬರುತ್ತದೆ. ಕೆಂಪು ಕಣಗಳು ಅದನ್ನು ಹೊತ್ತು ತಲೆಯಿಂದ ಕಾಲಿನವರೆಗೆ ಮುಟ್ಟಿಸುತ್ತವೆ. ಹೊರಲು ಅವಕ್ಕೆ ಹಿಮೋಗ್ಲೋಬಿನ್ ಬೇಕು. ಹಿಮೋಗ್ಲೋಬಿನ್ ಆಗಲು ಕಬ್ಬಿಣ ಬೇಕು. ಹೌದು, ಹಂಚು, ಕುಡುಗೋಲು ಮಾಡುವ ಕಬ್ಬಿಣವೇ! ನಮ್ಮ ಇಡೀ ಮೈಯಲ್ಲಿ ಇರುವ ಕಬ್ಬಿಣ ಒಂದು ಸಣ್ಣ ಮೊಳೆಯಷ್ಟು, 3 ಗ್ರಾಂ ಸುತ್ತಮುತ್ತ. ಅಷ್ಟರ ಮೇಲೆ ನಮ್ಮ ಜೀವ ನಿಂತಿದೆ. ರಕ್ತದ ಕೆಂಪು ಬಣ್ಣ ಬರುವುದೂ ಈ ಹಿಮೋಗ್ಲೋಬಿನ್ನಿನಿಂದಲೇ.

ಬಾಳೆಹಣ್ಣಿನ ಕೆಂಪು ಬೇರೆ. ಅದು ಸಿಪ್ಪೆಯ ಬಣ್ಣ. ಹಣ್ಣಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹಣ್ಣು ಒಳ್ಳೆಯದು, ಸಿಕ್ಕರೆ ತಿನ್ನೋಣ. ಆದರೆ ಅದನ್ನೇ ನಂಬಿ ಕೂತರೆ ರಕ್ತ ಆಗುವುದಿಲ್ಲ.

ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು. ಹೆಂಗಸರಿಗೆ 29 ಬೇಕು. ತಿಂಗಳು ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದಲ್ಲ, ಅದಕ್ಕೆ. ಆದರೆ ಮನೆಯಲ್ಲಿ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಪಲ್ಯ ಉಣ್ಣುವವರು ಯಾರು? 2019ರಿಂದ 2021ರವರೆಗೆ ಸರಕಾರ ದೇಶದ ತುಂಬ ಪರೀಕ್ಷೆ ಮಾಡಿಸಿತು. 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಿಮೆ ಇತ್ತು.

ರಕ್ತ ಕಡಿಮೆಯಾದರೆ ಸುಸ್ತು. ಕೊಡ ಎತ್ತಿದರೆ ಏದುಸಿರು, ಎದೆ ಡವಡವ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಚಿರುತ್ತದೆ. "ಕೆಲಸ ಹೆಚ್ಚಾಗ್ಯದ, ಅದಕ್ಕ ಸುಸ್ತು" ಎಂದು ನಾವು ಸುಮ್ಮನಾಗುತ್ತೇವೆ.

ಕಬ್ಬಿಣ ಎಲ್ಲಿದೆ? ಸಜ್ಜೆ ರೊಟ್ಟಿಯಲ್ಲಿ ಇದೆ. ರಾಜಗಿರಿ, ಮೆಂತ್ಯ ಪಲ್ಯದಲ್ಲಿ, ಕಾಳುಗಳಲ್ಲಿ ಇದೆ. ತಿನ್ನುವವರಿಗೆ ಮಾಂಸದಲ್ಲೂ ಇದೆ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟ ಆದ ಕೂಡಲೆ ಚಹಾ ಕುಡಿದರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಒಂದು ತಾಸು ತಡೆದು ಕುಡಿಯೋಣ. ಇನ್ನೊಂದು ಮಾತು. ಪುಂಡಿಪಲ್ಯದಂಥ ಹುಳಿ ಅಡಿಗೆಯನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಕಪ್ಪಾಗುತ್ತದೆ ಎಂದು ಬಹಳ ಮಂದಿ ಬೇಡ ಅನ್ನುತ್ತಾರೆ. ಬಾಣಲೆಯಿಂದ ಕಬ್ಬಿಣ ಬಿಟ್ಟುಕೊಂಡೇ ಅದು ಕಪ್ಪಾಗುವುದು. ಅದು ನಮಗೆ ಬೇಕಾದದ್ದೇ. ಬೆಂದ ಮೇಲೆ ಬೇರೆ ಪಾತ್ರೆಗೆ ತೆಗೆದಿಡಿ.

ಬಸುರಿಗೆ ಊಟವೊಂದೇ ಸಾಲದು. ಕೂಸು ಬೆಳೆಯಲು ತಾಯಿಯ ಕಬ್ಬಿಣವನ್ನೇ ತೆಗೆದುಕೊಳ್ಳುತ್ತದೆ. ಅದಕ್ಕೇ ನಾಲ್ಕನೆಯ ತಿಂಗಳಿಂದ ದಿನಕ್ಕೊಂದು ಕೆಂಪು ಗುಳಿಗೆ, 180 ದಿನ. ಬಾಣಂತಿಯಾದ ಮೇಲೂ 180 ದಿನ. ಸರಕಾರಿ ದವಾಖಾನೆಯಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ.

"ಗುಳಿಗಿ ತಿಂದ್ರ ಕೂಸು ದಪ್ಪ ಆಗ್ತದ, ಹೆರಿಗಿ ಕಷ್ಟ ಆಗ್ತದ" ಎಂದು ಗುಳಿಗೆಯನ್ನು ಬಿಸಾಡುವವರಿದ್ದಾರೆ. ಇದು ಸುಳ್ಳು. ಕಷ್ಟ ಬರುವುದು ಗುಳಿಗೆ ಬಿಟ್ಟರೆ. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ರಕ್ತ ಚೆನ್ನಾಗಿದ್ದವಳು ತಡೆದುಕೊಳ್ಳುತ್ತಾಳೆ. ಮೊದಲೇ ಕಡಿಮೆ ಇದ್ದವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಬರುತ್ತದೆ.

ಗುಳಿಗೆ ತಿಂದರೆ ಮಲ ಕಪ್ಪಾಗುತ್ತದೆ, ಅಂಜಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ತಗೊಳ್ಳಿ. ಚಹಾ, ಹಾಲಿನ ಜೊತೆ ಬೇಡ. ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡಿ. ಮಕ್ಕಳು ಮಿಠಾಯಿ ಎಂದು ನುಂಗಿದರೆ ಬಹಳ ಅಪಾಯ.

ರಕ್ತ ಎಷ್ಟಿದೆ ಎಂದು ಬೆರಳು ಚುಚ್ಚಿ ಒಂದು ಹನಿಯಲ್ಲೇ ನೋಡುತ್ತಾರೆ. ತಾಯಿ ಕಾರ್ಡಿನಲ್ಲಿ ಎಚ್.ಬಿ. ಎಂದು ಬರೆದು ಅಂಕಿ ಹಾಕುತ್ತಾರೆ. ಎಚ್.ಬಿ. ಎಂದರೆ ಹಿಮೋಗ್ಲೋಬಿನ್. ಹೆಂಗಸರಿಗೆ 12 ಇರಬೇಕು. ಬಸುರಿಗೆ 11 ಆದರೂ ಬೇಕು. 7ಕ್ಕಿಂತ ಕೆಳಗೆ ಇದ್ದರೆ ತಡ ಮಾಡುವಂತಿಲ್ಲ, ಕಮಲಾಪುರದಿಂದ ಕಲಬುರಗಿಯ ದೊಡ್ಡ ದವಾಖಾನೆಗೆ ಹೋಗಬೇಕಾದರೂ ಹೋಗಬೇಕು. ಗುಳಿಗೆ ತಿಂದರೂ ಅಂಕಿ ಏರದಿದ್ದರೆ ಕಾರಣ ಬೇರೆ ಇರಬಹುದು. ಡಾಕ್ಟರರನ್ನು ಕೇಳಿ.

ಈಗ ಅಂಕಿ ಓದಲು ನಮಗೆ ಬರುತ್ತದೆ. ಕಾರ್ಡು ತೆಗೆಯಿರಿ. ಓದಿ, ಇಲ್ಲಿ ಬರೆಯಿರಿ.

ನನ್ನ ಹೆಸರು ..............
ನನ್ನ ಎಚ್.ಬಿ. ..............
ನನ್ನ ಮಗಳ ಅಥವಾ ಸೊಸೆಯ ಎಚ್.ಬಿ. ..............