ಕೀ ಕೊಟ್ಟವರು ಯಾರು ಎಂದು ಕೇಳಿದರೆ ನಿಜವನ್ನೇ ಹೇಳಿ

ಪ್ರಶ್ನೆ: ನನ್ನ ಮಗನಿಗೆ ಹದಿನೇಳು ವರ್ಷ. ಸೆಕೆಂಡ್ ಪಿಯುಸಿ, ಸೈನ್ಸ್. ನಮ್ಮ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಎಂಟು ಕಿಲೋಮೀಟರ್. ಟ್ಯೂಷನ್ ಬೆಳಗ್ಗೆ ಆರೂವರೆಗೆ, ಮೊದಲ ಬಸ್ಸು ಬರುವುದೇ ಏಳೂಕಾಲಿಗೆ. ಹಾಗಾಗಿ ಅವರಪ್ಪನೇ ತಮ್ಮ ಸ್ಕೂಟರ್ ಕೊಟ್ಟು ಕಳಿಸುತ್ತಿದ್ದರು. ಕಳೆದ ವಾರ ಸರ್ಕಲ್‌ನಲ್ಲಿ ಪೊಲೀಸರು ಹಿಡಿದರು. ಹೆಲ್ಮೆಟ್ ಹಾಕಿದ್ದ, ಡಿಎಲ್ ಎಲ್ಲಿಂದ ಬರಬೇಕು? ಗಾಡಿ ಸ್ಟೇಷನ್ನಿನಲ್ಲಿದೆ. ಕೋರ್ಟಿಗೆ ಬರಬೇಕೆಂದು ನಮ್ಮ ಯಜಮಾನರ ಹೆಸರಿಗೆ ನೋಟಿಸ್ ಬಂದಿದೆ. 25 ಸಾವಿರ ದಂಡವಂತೆ, ಜೈಲೂ ಆಗಬಹುದಂತೆ. ನನ್ನ ಮೈದುನ, “ಹುಡುಗ ಕೇಳದೆ ಕೀ ತಗೊಂಡು ಹೋದ ಅಂತ ಹೇಳಿಬಿಡಿ, ಅಣ್ಣ ಬಚಾವಾಗ್ತಾನೆ” ಅನ್ನುತ್ತಾರೆ. ಊರಿನ ಇನ್ನೊಬ್ಬರು ಒಂದಿಷ್ಟು ದುಡ್ಡು ಕೊಟ್ಟರೆ ಗಾಡಿ ಓಡಿಸಿದ್ದು ಬೇರೆಯವರು ಅಂತ ಬರೆಸುತ್ತೇನೆ ಎಂದಿದ್ದಾರೆ. ಮಗ ಕಾಲೇಜಿಗೆ ಹೋಗಿ ನಾಲ್ಕು ದಿನವಾಯಿತು, ರೂಮಿನಿಂದ ಹೊರಗೆ ಬರುತ್ತಿಲ್ಲ. “25 ವರ್ಷದ ತನಕ ನಂಗೆ ಲೈಸೆನ್ಸ್ ಸಿಗಲ್ಲ, ಕೆಲಸಾನೂ ಸಿಗಲ್ಲ” ಅಂತಾನೆ. ಅಪ್ಪ ಮಗ ಮಾತು ಬಿಟ್ಟಿದ್ದಾರೆ. ನನಗೆ ದಿಕ್ಕೇ ತೋಚುತ್ತಿಲ್ಲ.
— ಹೆಸರು, ಊರು ಬೇಡ

ಉತ್ತರ: ಮೊದಲು ಮಗನ ರೂಮಿನ ಬಾಗಿಲು ತಟ್ಟಿ. ಕೋರ್ಟು, ದಂಡ, ಗಾಡಿ ಎಲ್ಲಕ್ಕೂ ದಾರಿ ಇದೆ, ಒಂದೊಂದಾಗಿ ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ನಾಲ್ಕು ದಿನ. ಹದಿನೇಳರ ಹುಡುಗನಿಗೆ ಪೊಲೀಸರು ನಡುರಸ್ತೆಯಲ್ಲಿ ನಿಲ್ಲಿಸಿದ್ದೇ ದೊಡ್ಡ ಅವಮಾನ. ಅದರ ಮೇಲೆ ಅಪ್ಪನ ಮೌನ, ಚಿಕ್ಕಪ್ಪನ ಲೆಕ್ಕಾಚಾರ, ತನ್ನಿಂದಲೇ ಮನೆಗೆ ಇಷ್ಟೆಲ್ಲ ಆಯಿತು ಎಂಬ ಕೊರಗು. ಊಟ, ನಿದ್ದೆ ಮಾಡುತ್ತಿದ್ದಾನೆಯೇ ನೋಡಿ. ಬದುಕೇ ಬೇಡ ಎಂಬಂಥ ಮಾತು ಒಂದು ಸಲ ಬಾಯಿಗೆ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ, ಅವನನ್ನು ಒಬ್ಬನೇ ಬಿಡಬೇಡಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಈಗ ಅವನ ಭಯದ ವಿಷಯ. ಕೆಲಸ ಸಿಗುವುದಿಲ್ಲ ಎಂದು ಅವನು ಹೆದರಬೇಕಾಗಿಲ್ಲ. ಹದಿನೆಂಟು ತುಂಬದವರು ಇಂಥ ತಪ್ಪು ಮಾಡಿದರೆ ಅವರನ್ನು ದೊಡ್ಡವರ ಕೋರ್ಟಿನ ಹಾದಿಯಲ್ಲಿ ನಡೆಸುವುದಿಲ್ಲ. ಅವರಿಗೆ 2015ರ ಬಾಲನ್ಯಾಯ ಕಾಯ್ದೆ ಇದೆ, ಜಿಲ್ಲೆಯಲ್ಲಿ ಬಾಲ ನ್ಯಾಯ ಮಂಡಳಿ ಇದೆ. ಮೂರು ವರ್ಷದವರೆಗಿನ ಶಿಕ್ಷೆಯ ತಪ್ಪುಗಳನ್ನು ಆ ಕಾಯ್ದೆ ಸಣ್ಣ ಅಪರಾಧವೆಂದೇ ಎಣಿಸುತ್ತದೆ, ಇದೂ ಆ ಸಾಲಿಗೆ ಸೇರುತ್ತದೆ. ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಕೌನ್ಸೆಲಿಂಗ್‌ಗೆ ಹಾಜರಾಗು ಎನ್ನಬಹುದು, ಸಮುದಾಯ ಸೇವೆ ಮಾಡು ಎನ್ನಬಹುದು, ಪೋಷಕರಿಗೆ ದಂಡ ಹಾಕಬಹುದು. ಅದೇ ಕಾಯ್ದೆಯ 24ನೇ ಸೆಕ್ಷನ್, ಹೀಗೆ ಮಂಡಳಿಯ ಮುಂದೆ ಬಂದು ಹೋದ ಮಗುವಿಗೆ ಶಿಕ್ಷೆಯಾದವರಿಗೆ ತಗಲುವ ಅನರ್ಹತೆಗಳು ತಗಲಬಾರದು ಎನ್ನುತ್ತದೆ. ಮುಂದೆ ನಡತೆ ಪ್ರಮಾಣಪತ್ರ ಕೊಡುವಾಗ ಪೊಲೀಸರು ಈ ದಾಖಲೆಯನ್ನು ಹೊರಗೆ ಹಾಕುವಂತಿಲ್ಲ ಎಂದು 74ನೇ ಸೆಕ್ಷನ್ ಹೇಳುತ್ತದೆ. ಬೆಳೆಯುವ ಮಕ್ಕಳಿಗೆ ಹೊಸದಾಗಿ ಶುರುಮಾಡುವ ಅವಕಾಶ ಇರಲೇಬೇಕು ಎಂಬುದು ಆ ಕಾಯ್ದೆ ಒಪ್ಪಿಕೊಂಡ ತತ್ವ. ಇದನ್ನು ಮಗನಿಗೆ ಓದಿ ಹೇಳಿ.

ಲೈಸೆನ್ಸ್ ಬಗ್ಗೆ ಅವನು ಹೇಳುವುದರಲ್ಲಿ ಮಾತ್ರ ನಿಜವಿದೆ. 2019ರ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಸೆಕ್ಷನ್ ಸೇರಿದೆ. ಅಪ್ರಾಪ್ತರು ಗಾಡಿ ಓಡಿಸಿ ಕಾಯ್ದೆ ಮುರಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಮಗುವಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಆಗಲಿ ಡಿಎಲ್ ಆಗಲಿ ಇಲ್ಲ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಕೋರ್ಟುಗಳು ತಂದೆ ತಾಯಂದಿರಿಗೆ 25 ಸಾವಿರ ಕಟ್ಟಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಬಹುತೇಕ ಅಲ್ಲಿ ದಂಡಕ್ಕೇ ಮುಗಿದಿದೆ, ಆದರೂ ತೀರ್ಮಾನ ನ್ಯಾಯಾಧೀಶರದು.

ಹಾಗಾಗಿ ನೋಟಿಸನ್ನು ಕೈಯಲ್ಲಿ ಹಿಡಿದು ಸಾವಧಾನವಾಗಿ ಓದಿ. ಯಾವ ಸೆಕ್ಷನ್ ಹಾಕಿದ್ದಾರೆ? 199ಎ ಇದೆಯೇ, ಅಥವಾ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟಿದ್ದಕ್ಕೆ ಮಾಲೀಕರ ಮೇಲೆ ಹಾಕುವ 180 ಮಾತ್ರ ಇದೆಯೇ? 180ರಲ್ಲಿ ಐದು ಸಾವಿರ ದಂಡ ಅಥವಾ ಮೂರು ತಿಂಗಳವರೆಗಿನ ಶಿಕ್ಷೆ, ಕೆಲವೊಮ್ಮೆ ಎರಡೂ. ಮಗನ ಮೇಲೆ ಬೇರೆ ವರದಿ ಮಂಡಳಿಗೆ ಹೋಗಿದೆಯೇ? ಈ ಮೂರರ ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡುವ ಮುಂಚೆ ವಕೀಲರೊಬ್ಬರಿಗೆ ಇದನ್ನು ತೋರಿಸಲೇಬೇಕು. ಮಗನ ಲೈಸೆನ್ಸ್ ವಿಷಯದಲ್ಲಿ 199ಎ ಒಂದು ಮಾತು ಹೇಳುತ್ತದೆ, ಬಾಲನ್ಯಾಯ ಕಾಯ್ದೆಯ 24 ಇನ್ನೊಂದು ಹೇಳುತ್ತದೆ. ಅದನ್ನು ಎತ್ತಿ ವಾದಿಸಬೇಕಾದವರು ವಕೀಲರೇ. ಫೀಸಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಮಗನ ಪರವಾಗಿ ನೀವೇ ಹೋಗಿ ಕೇಳಬಹುದು. ಸಹಾಯವಾಣಿ 15100.

ಇನ್ನು ನಿಮ್ಮ ಮೈದುನರ ಸಲಹೆ. ಅಣ್ಣನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದಾರೆ, ತಪ್ಪು ತಿಳಿಯುವುದಿಲ್ಲ. ಗಾಡಿ ತೆಗೆದುಕೊಂಡು ಹೋದದ್ದು ಗೊತ್ತೇ ಇರಲಿಲ್ಲ, ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆ ಎಂದು ಪೋಷಕರು ತೋರಿಸಿಕೊಟ್ಟರೆ 199ಎ ಅವರನ್ನು ಬಿಡುತ್ತದೆ. ಅದು ನಿಜವಾಗಿಯೂ ಗೊತ್ತಿಲ್ಲದವರಿಗಾಗಿ ಇಟ್ಟ ಬಾಗಿಲು. ನಿಮ್ಮ ಯಜಮಾನರಿಗೆ ಗೊತ್ತಿತ್ತು. ಪೋಷಕರ ಒಪ್ಪಿಗೆಯಿಂದಲೇ ಮಗು ಗಾಡಿ ಓಡಿಸಿದೆ ಎಂದು ಕೋರ್ಟು ಮೊದಲೇ ಭಾವಿಸಿಕೊಳ್ಳುತ್ತದೆ. ಅಲ್ಲ ಎನ್ನುವವರೇ ರುಜುವಾತು ಮಾಡಬೇಕು. ದಿನಾ ಬೆಳಗ್ಗೆ ಅದೇ ಸ್ಕೂಟರ್‌ನಲ್ಲಿ ಟ್ಯೂಷನ್ನಿಗೆ ಹೋಗುವ ಹುಡುಗನನ್ನು ಊರೆಲ್ಲ ಕಂಡಿರುವಾಗ ಆ ಮಾತು ನಿಲ್ಲುವುದಿಲ್ಲ.

ನಿಂತರೂ ಅದನ್ನು ಹೇಳಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಆ ಮಾತಿನ ಅರ್ಥ, ಅಪ್ಪ ಹೇಳಿದಂತೆ ಕೇಳಿದ ಮಗನನ್ನು ಅಪ್ಪನೇ ಕೋರ್ಟಿನಲ್ಲಿ ಕಳ್ಳ ಎಂದಂತೆ. ಗಾಡಿ ಕೊಟ್ಟವರು ಅವರು, ಪೆಟ್ರೋಲ್ ಹಾಕಿಸಿದವರು ಅವರು. ಈಗ ದಂಡ ಬಂದಾಗ ಮಗನೇ ಹೊರಬೇಕೆಂದರೆ, ದೊಡ್ಡವರು ಕಷ್ಟ ಬಂದಾಗ ಚಿಕ್ಕವರ ಹಿಂದೆ ಅಡಗುತ್ತಾರೆ ಎಂದು ಅವನು ಕಲಿಯುತ್ತಾನೆ. ನಾಳೆ ಅವನು ದೊಡ್ಡ ತಪ್ಪಿನಲ್ಲಿ ಸಿಕ್ಕಿಬಿದ್ದಾಗ ಮನೆಗೆ ಬಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಅವನು ರೂಮು ಸೇರಿಕೊಂಡಿರುವುದಕ್ಕೆ ಲೈಸೆನ್ಸಿಗಿಂತ ಈ ಮಾತೇ ಹೆಚ್ಚು ಕಾರಣವಿರಬಹುದು ಎಂದು ನನ್ನ ಮನಸ್ಸು ಹೇಳುತ್ತದೆ. ತನ್ನನ್ನು ಮುಂದಿಡುತ್ತಾರೋ ಏನೋ ಎಂದು ಅವನು ಕಾಯುತ್ತಿದ್ದಾನೆ.

ಬೇರೆಯವರ ಹೆಸರು ಬರೆಸುತ್ತೇನೆ ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸುಳ್ಳು ಹೇಳಿಕೆ, ಸುಳ್ಳು ದಾಖಲೆ ಬೇರೆಯೇ ಅಪರಾಧ. ಅದಕ್ಕೆ ಇನ್ನೊಂದು ಮನೆಯ ಹುಡುಗನನ್ನೂ ಎಳೆದು ತಂದಂತಾಗುತ್ತದೆ. ವಯಸ್ಸು ತಿದ್ದಿಸೋಣ ಎಂದು ಯಾರಾದರೂ ಬಂದರೂ ಒಪ್ಪಬೇಡಿ. ಮಂಡಳಿ ವಯಸ್ಸಿಗೆ ಮೊದಲು ನೋಡುವುದು ಶಾಲೆಯ ದಾಖಲೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಇನ್ನೊಂದು ಎಚ್ಚರಿಕೆ: ಇಂಥ ಸಮಯದಲ್ಲಿ ‘ನಿಮ್ಮ ಗಾಡಿಯ ಮೇಲೆ ಚಲನ್ ಇದೆ’ ಎಂದು ವಾಟ್ಸಾಪ್‌ನಲ್ಲಿ ಲಿಂಕೋ ಎಪಿಕೆ ಫೈಲೋ ಬಂದರೆ ಗಾಬರಿಯಲ್ಲಿ ಒತ್ತಿಬಿಡುತ್ತೇವೆ. ಬ್ಯಾಂಕಿನಲ್ಲಿದ್ದ ಹಣ ಹೋಗುವುದು ಹಾಗೆಯೇ. ಬಾಕಿ ದಂಡ ಇದೆಯೋ ಇಲ್ಲವೋ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ಅಥವಾ ನೇರ ಸ್ಟೇಷನ್ನಿನಲ್ಲೇ ನೋಡಿಕೊಳ್ಳಿ.

ನಿಮ್ಮ ಯಜಮಾನರಿಗೆ ಇದೆಲ್ಲ ಅನ್ಯಾಯ ಅನ್ನಿಸುತ್ತಿರಬಹುದು. ಓದುವ ಹುಡುಗ, ಹೆಲ್ಮೆಟ್ ಹಾಕಿದ್ದ, ವೀಲಿಂಗ್ ಮಾಡುತ್ತಿರಲಿಲ್ಲ, ಹೊತ್ತಿಗೆ ಬಸ್ಸಿಲ್ಲದ ಊರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಸರ್ಕಲ್‌ನಲ್ಲಿ ಪೊಲೀಸರ ಬದಲು ಒಬ್ಬ ಅಜ್ಜಿ ರಸ್ತೆ ದಾಟುತ್ತಿದ್ದರೆ? ಡಿಎಲ್ ಇಲ್ಲದವರು ಓಡಿಸಿ ಅಪಘಾತವಾದರೆ ವಿಮಾ ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟರೂ, ಆ ಹಣವನ್ನು ಗಾಡಿಯ ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಅದು. ಗೊತ್ತಿದ್ದೂ ಕೊಟ್ಟ ಮಾಲೀಕರು ತಪ್ಪಿಸಿಕೊಳ್ಳುವುದು ಕಷ್ಟ. ಆಗ ಹೋಗುವುದು 25 ಸಾವಿರವಲ್ಲ, ಹೊಲ ಮನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಬೇರೆಲ್ಲ ವಾಹನಗಳಿಗಿಂತ ಹೆಚ್ಚು ಜನ ಸತ್ತದ್ದು ದ್ವಿಚಕ್ರದಲ್ಲಿದ್ದವರೇ. ನಿಮ್ಮ ಮಗ ನೋಟಿಸಿನೊಂದಿಗೆ ಮನೆಗೆ ಬಂದಿದ್ದಾನೆ. ಅಷ್ಟಕ್ಕೇ ಮುಗಿದದ್ದು ನಿಮ್ಮ ಪುಣ್ಯ ಎಂದೇ ತಿಳಿಯಿರಿ.

ಟ್ಯೂಷನ್ನಿಗೆ ಹೋಗುವ ಸಮಸ್ಯೆ ಹಾಗೇ ಉಳಿದಿದೆ, ಅದಕ್ಕೆ ದಾರಿ ಹುಡುಕದಿದ್ದರೆ ಇನ್ನೊಂದು ತಿಂಗಳಿಗೆ ಕೀ ಮತ್ತೆ ಅವನ ಕೈಗೆ ಬರುತ್ತದೆ. ಟ್ಯೂಷನ್ ಮೇಷ್ಟ್ರನ್ನು ಹೋಗಿ ಕಾಣಿ. ಬಸ್ಸಿನ ತೊಂದರೆ ಇರುವವನು ನಿಮ್ಮ ಮಗ ಒಬ್ಬನೇ ಇರಲಾರ, ಸಂಜೆಯ ಬ್ಯಾಚ್ ಇದೆಯೇ ಕೇಳಿ. ನಾಲ್ಕೈದು ಮನೆಯವರು ಸೇರಿ ಬೆಳಗಿನ ಬಸ್ಸನ್ನು ಆರೂವರೆಯ ಟ್ಯೂಷನ್ನಿಗೆ ತಲುಪುವಷ್ಟು ಮುಂಚೆ ಬಿಡಿ ಎಂದು ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿ, ಪಂಚಾಯಿತಿಯಿಂದಲೂ ಬರೆಸಿ. ಅಲ್ಲಿಯ ತನಕ ಅಪ್ಪನೇ ಬಿಟ್ಟು ಬರಲಿ, ಅಥವಾ ಸೈಕಲ್ ಆಗಲಿ. ಹದಿನಾರಕ್ಕೇ ಲೈಸೆನ್ಸ್ ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ, ಅದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ, ಅದೂ ಪೋಷಕರ ಒಪ್ಪಿಗೆ ಪತ್ರ ಇದ್ದರೆ. ಈಗ ಮನೆಮನೆಯಲ್ಲಿರುವ ಸ್ಕೂಟರ್‌ಗಳು ಬಹುತೇಕ 100 ಸಿಸಿ ದಾಟಿದವು, ಅವಕ್ಕೆ ಹದಿನೆಂಟು ತುಂಬಲೇಬೇಕು. ಗಂಟೆಗೆ 25 ಕಿಲೋಮೀಟರ್ ಮೀರದ, 250 ವಾಟ್‌ನೊಳಗಿನ ಬ್ಯಾಟರಿ ಗಾಡಿಗೆ ಡಿಎಲ್ ಬೇಡ. ಆದರೆ ಅಂಗಡಿಯವರು ವೇಗ ಹೆಚ್ಚಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ, ಹೆಚ್ಚಿಸಿದ ಮೇಲೆ ಆ ವಿನಾಯಿತಿ ಇರುವುದಿಲ್ಲ.

ಇನ್ನು ಮುಂದಿನದನ್ನು ಮಗನಿಗೇ ಓದಲು ಕೊಡಿ.

ತಮ್ಮಾ, ನೀನು ಕೆಟ್ಟ ಹುಡುಗನಲ್ಲ. ಕಾನೂನು ಒಪ್ಪದ ಕೆಲಸವೊಂದನ್ನು ದೊಡ್ಡವರು ಹೇಳಿದರೆಂದು ಮಾಡಿದೆ. ಮಂಡಳಿಯ ಮುಂದೆ ಕರೆದರೆ ಹೋಗು, ಕೇಳಿದ್ದಕ್ಕೆ ನಡೆದದ್ದನ್ನೇ ಹೇಳು. ಅಲ್ಲಿ ಕೂತವರು ಮಕ್ಕಳ ಮಾತು ಕೇಳುವುದಕ್ಕೇ ಕೂತವರು. ಲೈಸೆನ್ಸ್ ತಡೆ ಬೀಳದಿದ್ದರೆ ಹದಿನೆಂಟು ತುಂಬಿದ ಮೇಲೆ ಸಾರಥಿ ಜಾಲತಾಣದಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕು. ರಸ್ತೆ ಚಿಹ್ನೆಗಳನ್ನು ಬಾಯಿಪಾಠ ಮಾಡುವ ಬದಲು ನಿಮ್ಮೂರಿನ ರಸ್ತೆಯಲ್ಲಿ ಅವು ಎಲ್ಲಿವೆ, ಯಾಕಿವೆ ಎಂದು ನೋಡಿ ಕಲಿ. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕ ಮೂವತ್ತು ದಿನದ ನಂತರ ಡಿಎಲ್ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಕೆಂಪು ‘ಎಲ್’ ಬೋರ್ಡ್ ಇರಬೇಕು, ಡಿಎಲ್ ಇರುವ ಒಬ್ಬರು ಕಲಿಸುತ್ತ ಜೊತೆಗಿರಬೇಕು, ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಆರ್‌ಟಿಒದಲ್ಲಿ ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿಸುತ್ತಾರೆ. ಬ್ರೋಕರ್ ಮೂಲಕ ಅದನ್ನು ತಪ್ಪಿಸಿಕೊಳ್ಳುವವರಿದ್ದಾರೆ. ನೀನು ಮಾತ್ರ ಹಾಕಿಯೇ ತೆಗೆದುಕೋ. ನಿಧಾನವಾಗಿ ಗಾಡಿ ತಿರುಗಿಸಲು ಬಾರದವನಿಗೆ ಸಂತೆಯ ದಿನ ಪೇಟೆಯ ರಸ್ತೆಯಲ್ಲಿ ಗಾಡಿ ಓಡಿಸಲು ಬರುವುದಿಲ್ಲ.

ಒಂದು ವೇಳೆ ತಡೆ ಬಿದ್ದೇ ಬಿದ್ದರೆ? ಇಪ್ಪತ್ತೈದರವರೆಗೆ ಬಸ್ಸು, ರೈಲು, ಹಾಸ್ಟೆಲ್, ಗೆಳೆಯರ ಜೊತೆ ಓದು, ಕೆಲಸ ಯಾವುದಕ್ಕೂ ಅಡ್ಡಿಯಿಲ್ಲ. ಆ ಮಧ್ಯೆ ಗಾಡಿ ಮುಟ್ಟಬೇಡ. ಮುಚ್ಚಿಟ್ಟು ಅರ್ಜಿ ಹಾಕಲೂ ಬೇಡ. ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಈ ವರ್ಷ ನಿನ್ನ ಕೈಯಲ್ಲಿರುವುದು ಪಿಯುಸಿ ಪರೀಕ್ಷೆ. ನಾಳೆ ಕಾಲೇಜಿಗೆ ಹೋಗು.

ತಾಯೀ, ಕೊನೆಯದಾಗಿ ಒಂದು ಕೆಲಸ ನಿಮ್ಮ ಯಜಮಾನರಿಗೆ ಬಿಟ್ಟದ್ದು. ವಕೀಲರ ಹತ್ತಿರ ಹೋಗುವ ಮುಂಚೆ ಅವರು ಮಗನ ಹತ್ತಿರ ಕೂತು, “ಕೀ ಕೊಟ್ಟವನು ನಾನು, ಕೋರ್ಟಿನಲ್ಲೂ ಹಾಗೆಯೇ ಹೇಳುತ್ತೇನೆ” ಎಂದು ಹೇಳಲಿ. ಮೈದುನರಿಗೂ ಅದನ್ನೇ ತಿಳಿಸಲಿ. ವಕೀಲರಿಗೂ ನಡೆದದ್ದನ್ನು ನಡೆದ ಹಾಗೆಯೇ ಹೇಳಿ, ಅದನ್ನು ಕೋರ್ಟಿನ ಮುಂದೆ ಹೇಗಿಡಬೇಕೆಂಬುದು ಅವರಿಗೆ ಗೊತ್ತು. ದಂಡದ ಹಣಕ್ಕೆ ಕಷ್ಟವಾಗುತ್ತದೆ ನಿಜ. ಚೀಟಿ ಎತ್ತಿಯೋ ಸಂಘದಲ್ಲಿ ಸಾಲ ಮಾಡಿಯೋ ಕಟ್ಟಿದ ಹಣವನ್ನು ವರ್ಷದೊಳಗೆ ತೀರಿಸಬಹುದು. ಅಪ್ಪ ನನ್ನ ಪರವಾಗಿ ನಿಂತರು ಎಂಬ ನಂಬಿಕೆ ಈಗ ಕಳೆದುಹೋದರೆ ಅದನ್ನು ಸಾಲ ತಂದು ತುಂಬಲಾಗುವುದಿಲ್ಲ. ನೋಟಿಸಿನಲ್ಲಿ ಯಾವ ಸೆಕ್ಷನ್ ಇದೆ ಎಂದು ನೋಡಿ ಮತ್ತೆ ಬರೆಯಿರಿ. ಅಲ್ಲಿಂದ ಮುಂದಿನ ದಾರಿ ಸೇರಿ ಯೋಚಿಸೋಣ.